ಕೊನೆ ಸರಿಯಿಲ್ಲದ ಕ್ಯಾಸೆಟ್ಟುಗಳು

ಎಂಬತ್ತರ ದಶಕದ ಕೊನೆಯಲ್ಲಿ ನಾವು ಗಲ್ಫಿನ ಅಲ್ ಗುಬ್ರಾದ ಫ್ಲ್ಯಾಟೊಂದರಲ್ಲಿದ್ದೆವು. ಗಂಡ ಕಾರಿನಲ್ಲಿ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ನಡೆದು ಹೋಗಬಹುದಾಗಿದ್ದುದು ಕೆಳಗಿನ ವಿಡಿಯೋ ಅಂಗಡಿಗೆ ಮಾತ್ರ. ಅದನ್ನು ನಡೆಸುತ್ತಿದ್ದವರು ಉಳ್ಳಾಲ ಕಡೆಯ ಬ್ಯಾರಿಯೊಬ್ಬರು.

ಹಿಂದಿ ಚಿತ್ರಗಳೆಲ್ಲ ನೋಡಿ ಮುಗಿದಿದ್ದವು. ಮೂಲೆಯಲ್ಲಿದ್ದ ಅಮೆರಿಕದ ಹಳೆಯ ಚಿತ್ರವೊಂದಕ್ಕೆ ಕೈ ಹಾಕಿದೆ.

“ಅದು ಬೇಡ ಅಕ್ಕ, ಕೊನೆ ಸರಿ ಇಲ್ಲ. ಕೊಂಡುಹೋದವರೆಲ್ಲ ಬೈದಿದ್ದಾರೆ ಮಾರಾಯ್ರೆ.”

ಆದರೂ ಅದನ್ನೇ ಮನೆಗೆ ತಂದೆ. ನಾಯಕ ಕೆಲಸ ಬಿಟ್ಟು ಅಲೆಯುತ್ತಾನೆ. ಎಲ್ಲೂ ನಿಲ್ಲುವುದಿಲ್ಲ, ಗೆಲ್ಲುವುದೂ ಇಲ್ಲ. ಬೀದಿಗಳು ನಿಜವಾದ ಬೀದಿಗಳು, ಮುಖಗಳ ಮೇಲೆ ಬೆವರು. ಮುಗಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಅಂಥದ್ದೇ ಇನ್ನೊಂದು ಕೇಳಿದೆ.

ಮೇಲಿನ ಮನೆಯ ಇಂಗ್ಲಿಷ್ ಟೀಚರ್ ಆ ಚಿತ್ರಗಳ ಹಿನ್ನೆಲೆ ಹೇಳಿದರು: “ಅರವತ್ತರ ದಶಕದ ಕೊನೆಗೆ ಅಮೆರಿಕದ ದೊಡ್ಡ ಸ್ಟುಡಿಯೋಗಳ ಚಿತ್ರಕ್ಕೆ ಜನವೇ ಬರ್ತಿರ್ಲಿಲ್ಲ. ಮಾಲಕರಿಗೆ ದಿಕ್ಕು ತೋಚದೆ ಗಡ್ಡ ಬಿಟ್ಟ ಯುವಕರ ಕೈಗೆ ಕ್ಯಾಮೆರಾ ಕೊಟ್ರು. ಅವರು ಸೆಟ್ಟು ಬಿಟ್ಟು ರಸ್ತೆಗಿಳಿದ್ರು. ಯುದ್ಧ, ಸರ್ಕಾರ, ಸಂಸಾರ, ಯಾವುದನ್ನೂ ಬಿಡ್ಲಿಲ್ಲ.”

“ಆಮೇಲೆ?”

“ಅವರಲ್ಲೇ ಕೆಲವರ ಭರ್ಜರಿ ಚಿತ್ರಗಳು ಜಗತ್ತೆಲ್ಲ ಓಡಿದ್ವು. ಮಾಲಕರಿಗೆ ಮತ್ತೆ ಅಂಥದ್ದೇ ಬೇಕಾಯ್ತು. ಹತ್ತು ಹನ್ನೆರಡು ವರ್ಷ, ಖಲಾಸ್.”

ಆ ಖಲಾಸ್ ನನಗೆ ಒಪ್ಪಿಗೆಯಾಗಲಿಲ್ಲ. ಈಚಿನ ಚಿತ್ರಗಳಲ್ಲೂ ಜನ ಮನೆಮಂದಿಯಂತೆ ತೊದಲುತ್ತಿದ್ದರು, ಸೋಲುತ್ತಿದ್ದರು. ಆ ಗಡ್ಡದ ಯುವಕರು ಬಾಗಿಲು ತೆರೆದು ಹೋಗಿದ್ದರು, ಪೂರ್ತಿ ಮುಚ್ಚಲು ಯಾರಿಗೂ ಆಗಿರಲಿಲ್ಲ.

ಒಂದು ಸಂಜೆ ಗಂಡನಿಗೆ ಹೇಳಿದೆ, “ನಾನು ಡ್ರೈವಿಂಗ್ ಕಲೀತೇನೆ.”

“ಎಲ್ಲಿಗೆ ಹೋಗ್ಲಿಕ್ಕುಂಟು ನಿನಗೆ?”

“ಗೊತ್ತಿಲ್ಲ.”

ಸಾಲು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತರುವ ಪರೀಕ್ಷೆಯಲ್ಲಿ ಎರಡು ಸಲ ಡ್ರಮ್ಮಿಗೆ ತಾಗಿಸಿದೆ. ಎರಡನೆಯ ಸಲ ಅತ್ತುಬಿಟ್ಟೆ. ಮೂರನೆಯ ಸಲಕ್ಕೆ ಲೈಸೆನ್ಸ್ ಕೈಗೆ ಬಂತು.

ಅದಾದ ಮೊದಲ ಶುಕ್ರವಾರ ಬೆಳಿಗ್ಗೆ, ಅಪ್ಪ ಮಗಳು ಮಲಗಿರುವಾಗ ನಿಜ್ವಾ ಊರಿಗೆ ಹೋಗ್ತೇನೆಂದು ಚೀಟಿ ಬರೆದಿಟ್ಟು ಕೀ ತೆಗೆದುಕೊಂಡೆ. ಬೋಳು ಬೆಟ್ಟಗಳ ನಡುವೆ ಕೈ ಬೆವರುತ್ತ ಓಡಿಸಿದೆ. ನಿಜ್ವಾದ ಖರ್ಜೂರದ ಮರಗಳು ಕಂಡಾಗ ಜೋರಾಗಿ ನಕ್ಕುಬಿಟ್ಟೆ.

ಮಧ್ಯಾಹ್ನ ಮರಳಿದಾಗ ಗಂಡ ಬಿಸಿಲಲ್ಲಿ ನಿಂತಿದ್ದರು.

“ಹೆದರಿಕೆಯಾಯ್ತು ಮಾರಾಯ್ತಿ. ಅಷ್ಟು ದೂರ ಹೋಗಿ ಎಂಥ ಮಾಡಿದ್ದು?”

“ಚಹಾ ಕುಡಿದೆ.”

ಅವರು ಕಾರಿನ ಸುತ್ತ ಒಂದು ಸುತ್ತು ಬಂದರು. “ಮುಂದಿನ ವಾರ ನಾವೂ ಬರ್ತೇವೆ,” ಎಂದರು. ನನ್ನ ಮನಸ್ಸು ಆಗಲೇ ಇಬ್ರಾ ಎಂಬ ಇನ್ನೊಂದು ಊರಿನ ರಸ್ತೆ ಹಿಡಿದಿತ್ತು.