ಪಾತ್ರೆ ತೊಳೆಯುವ ಹಾಡು

ನನ್ನ ಸೋದರಮಾವ ಡೆಲ್ಮರ್ ಸ್ಟಾಂಪರನ ಮನೆಯಲ್ಲಿ ಏಳು ಗಿಟಾರುಗಳಿದ್ದವು. ನುಡಿಸುತ್ತಿದ್ದದ್ದು ಒಂದನ್ನೇ. ನ್ಯಾಶ್‌ವಿಲ್‌ನಲ್ಲಿ ಹಾಡೇ ಕಸುಬು, ಗಿಟಾರ್ ಹಿಡಿದವರಿಗೇನೂ ಬರವಿಲ್ಲ. ಆದರೆ ಮಾವನ ಹಾಡೊಂದು, ಲಾರಿ ಡ್ರೈವರನ ಮೇಲಿನದು, ಹಿಂದೊಮ್ಮೆ ಬೇಸಿಗೆಯುದ್ದಕ್ಕೂ ರೇಡಿಯೊದಲ್ಲಿ ಬಂದಿತ್ತು. ಆ ಬೇಸಿಗೆ ಅವನ ಪಾಲಿಗೆ ಮುಗಿಯಲೇ ಇಲ್ಲ. ದಿನಸಿ ಅಂಗಡಿಗೂ ವೇದಿಕೆಯ ಟೋಪಿ ಹಾಕಿಕೊಂಡೇ ಹೋಗುತ್ತಿದ್ದ. ಯಾರೂ ಗುರುತಿಸದಿದ್ದರೆ ಕೆಮ್ಮುತ್ತಿದ್ದ.

ನಮ್ಮೂರಲ್ಲಿ ಒಂದು ಕಟ್ಟಳೆಯಿದೆ. ಹಾಡು ಬರೆದವರು ಅದನ್ನು ಗಾಯಕನಿಗೆ ಕೇಳಿಸುತ್ತಾರೆ. ಅವನು "ಇಟ್ಕೊಂಡಿರ್ತೀನಿ" ಅಂದರೆ, "ಬೇಡ" ಅನ್ನುವವರೆಗೆ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ, ಬರಿಯ ಮಾತು. ಆ ಮಾತು ಮುರಿದವರಿಗೆ ಆಮೇಲೆ ಯಾವ ಬಾಗಿಲೂ ತೆರೆಯುವುದಿಲ್ಲ. ಮಾವ ಎಲ್ಲರಿಗೂ ಇಟ್ಕೊಂಡಿರ್ತೀನಿ ಅನ್ನುತ್ತಿದ್ದ. ತಾನು ಹಾಡುವುದಕ್ಕಲ್ಲ, ಬೇರೆಯವರು ಹಾಡದಿರಲಿ ಎಂದು.

ಓರ್ಲೀನ್ ಸೈಪ್ಸ್ ಮಧ್ಯಾಹ್ನದ ಊಟದ ಹೋಟೆಲಿನಲ್ಲಿ ಅಡುಗೆಯವಳು. ಹತ್ತಾರು ವರ್ಷಗಳಿಂದ ಹಾಡು ಬರೆಯುತ್ತಿದ್ದಳು, ಒಂದೂ ರೆಕಾರ್ಡ್ ಆಗಿರಲಿಲ್ಲ. ಆ ಚಳಿಗಾಲ ಮಾವನಿಗೆ ಒಂದು ಕ್ಯಾಸೆಟ್ ತಂದುಕೊಟ್ಟಳು. ಹೆಂಡತಿಯನ್ನು ಮಣ್ಣುಮಾಡಿ ಬಂದ ಮುದುಕನೊಬ್ಬ ಅಭ್ಯಾಸಬಲದಿಂದ ಎರಡು ತಟ್ಟೆ ಇಡುತ್ತಾನೆ. ಒಂದರಲ್ಲಿ ಉಂಡು ಎರಡನ್ನೂ ತೊಳೆಯುತ್ತಾನೆ. ಹಾಡೆಂದರೆ ಇಷ್ಟೇ. ತನ್ನ ಕೈಯಿಂದ ಇಂಥದ್ದು ಇನ್ನೊಂದು ಬರಲಾರದೆಂದು ಅವಳಿಗೆ ಗೊತ್ತಿತ್ತು. ಮಾವ ಅರ್ಧ ಕೇಳಿ, ಇಟ್ಕೊಂಡಿರ್ತೀನಿ ಅಂದ. ಅವಳು ವಿಚಾರಿಸಿದಾಗಲೆಲ್ಲ ಹೆಗಲು ತಟ್ಟಿ ಕಳಿಸಿದ. ಕ್ಯಾಸೆಟ್ಟು ಅವನ ಕಾರಿನಲ್ಲಿ ಸಿಗರೇಟಿನ ಬೂದಿ ಹೊದ್ದು ಮಲಗಿತ್ತು.

ಗುರುವಾರ ಸಂಜೆಗಳಲ್ಲಿ ಕೆಫೆಯೊಂದರಲ್ಲಿ ಬರೆದವರು ದುಂಡಗೆ ಕೂತು ತಮ್ಮ ಹಾಡು ತಾವೇ ಹಾಡುತ್ತಾರೆ. ಅದಕ್ಕೆ ಯಾವ ತಡೆಯೂ ಇಲ್ಲ. ಡಾಗ್‌ವುಡ್ ಮರಗಳು ಹೂಬಿಟ್ಟ ವಸಂತದ ವಾರ ಓರ್ಲೀನ್ ಅಲ್ಲಿ ತಟ್ಟೆಯ ಹಾಡು ಹಾಡಿದಳು. ಮುಗಿದ ಮೇಲೂ ಯಾರೂ ಫೋರ್ಕು ಎತ್ತಲಿಲ್ಲ. ಆಗಷ್ಟೇ ಹಾಡತೊಡಗಿದ್ದ ರೋಂಡಾ ಕೀಲಿಂಗ್ ಎಂಬ ಹುಡುಗಿ ಬಂದು, ಅಕ್ಕಾ, ಇದನ್ನು ನನಗೆ ಕೊಡ್ತೀರಾ ಎಂದು ಕೇಳಿದಳು.

"ಡೆಲ್ಮರ್ ಇಟ್ಕೊಂಡಿದ್ದಾರೆ ಕಣಮ್ಮ," ಅಂದಳು ಓರ್ಲೀನ್.

ಪಕ್ಕದ ಮೇಜಿನಲ್ಲಿ ಮಾವ ಕರಿದ ಮೀನು ಅಗಿಯುತ್ತಿದ್ದ. ಎಲ್ಲರೂ ಅತ್ತ ತಿರುಗಿದರು. ಅಷ್ಟು ಕಣ್ಣುಗಳನ್ನು ಅವನು ನೋಡಿ ವರ್ಷಗಳಾಗಿದ್ದವು.

"ಗಂಡಸು ಪಾತ್ರೆ ತೊಳೆಯೋ ಹಾಡು ನಾನು ಹಾಡೋದಾ? ನಮ್ಮಪ್ಪ ಗೋರಿಯಿಂದ ಎದ್ದುಬಂದು ಒದೀತಾನೆ."

ಜನ ನಕ್ಕರು. ಅವನು ಇನ್ನಷ್ಟು ಉಬ್ಬಿದ.

"ಹಾಗಾದ್ರೆ ಬೇಡ ಅಂತೀರಾ ಡೆಲ್ಮರ್?" ಓರ್ಲೀನ್ ಮೆಲ್ಲಗೆ ಕೇಳಿದಳು. "ಬಾಯಿಬಿಟ್ಟು ಹೇಳಿಬಿಡಿ."

"ಬೇಡ ಕಣೇ ತಾಯಿ, ಬೇಡ. ಎತ್ಕೊಂಡೋಗು."

ಅವಳು ರೋಂಡಾಳ ಕಡೆ ತಿರುಗಿದಳು. "ಕೇಳಿಸ್ತಲ್ಲ?"

"ಊರಿಗೇ ಕೇಳಿಸ್ತು ಅಕ್ಕ."

ಮಾವ ಮಾತ್ರ ತಾನಂದದ್ದನ್ನು ಕೇಳಿಸಿಕೊಂಡಿರಲಿಲ್ಲ. ಅವನ ಕಿವಿಯೆಲ್ಲ ಆ ನಗುವಿನ ಮೇಲಿತ್ತು.

ಎಲೆ ಉದುರುವ ಹೊತ್ತಿಗೆ ರೋಂಡಾಳ ದನಿಯಲ್ಲಿ ಆ ಹಾಡು ಎಲ್ಲ ಕಾರುಗಳಿಂದಲೂ ಕೇಳುತ್ತಿತ್ತು. ಪಾಪದ ಹುಡುಗಿ, ಮೇಲೆ ಬರಲಿ ಅಂತ ನಾನೇ ಬಿಟ್ಟುಕೊಟ್ಟೆ ಎಂದು ಮಾವ ನಮ್ಮನೆಯ ಊಟದ ಮೇಜಿನಲ್ಲೂ ಹೇಳತೊಡಗಿದ. ಅಮ್ಮ ಅವನಿಗೆ ಇನ್ನಷ್ಟು ಹುರುಳಿಕಾಯಿ ಬಡಿಸುತ್ತಿದ್ದಳು.

ಮರುವರ್ಷ ಅಗ್ನಿಶಾಮಕ ಠಾಣೆಯ ಸಂತೋಷಕೂಟದಲ್ಲಿ ಅವನದೇ ಹಾಡುಗಾರಿಕೆ. ಲಾರಿ ಹಾಡು ಮುಗಿಯುತ್ತಲೇ ಯಾರೋ ತಟ್ಟೆಯ ಹಾಡು ಕೇಳಿದರು. ಕೇಳಿದ್ದನ್ನು ಇಲ್ಲವೆನ್ನುವವನಲ್ಲ ಮಾವ. ಹಾಡಿದ. ಆದರೆ ಅವನ ಹಾಡಿನಲ್ಲಿ ಮುದುಕ ತಟ್ಟೆ ತೊಳೆಯಲಿಲ್ಲ. ಪಕ್ಕದ ಮನೆಯಾಕೆ ಬಂದು ತೊಳೆದುಕೊಟ್ಟಳು. ಮುಂದಿನ ಸಾಲಿನ ಹೆಂಗಸರು ಸರಿಯಾದ ಮಾತುಗಳನ್ನೇ ಎತ್ತಿಕೊಂಡರು, ಹಿಂದಿನವರು ದನಿಗೂಡಿಸಿದರು. ಅವನ ದನಿ ಎಲ್ಲಿದೆಯೆಂದು ತಿಳಿಯದಂತಾಯಿತು.

ಮಾವ ಟೋಪಿ ತೆಗೆದು, ಎದೆಗೊತ್ತಿಕೊಂಡು, ಅವರಿಗೆಲ್ಲ ತಲೆಬಾಗಿದ.