ತೊಟ್ಟಿಲು ವಾಪಸ್ ಕೇಳಲು ಹೋದದ್ದು

ಆ ತೊಟ್ಟಿಲಿನ ಕಂಬಿಗಳ ನಡುವಿನ ಸಂದಿ ಅಷ್ಟು ಅಗಲವಾಗಿದ್ದಕ್ಕೆ ನನ್ನದೇ ಬುದ್ಧಿವಂತಿಕೆ ಕಾರಣ. ತೊಂಬತ್ತರ ದಶಕದ ಕೊನೆ. ಶಿರಸಿ ಪೇಟೆಯಲ್ಲಿ ಬಾಡಿಗೆ ಮನೆ, ನನಗೆ ಏಳು ತಿಂಗಳು. ಬಡಿಗ ಒಂದೊಂದು ಬದಿಗೆ ಹನ್ನೆರಡು ಕಂಬಿ ಬೇಕೇ ಬೇಕು ಎಂದ. ಜೈಲಿನ ಹಾಗೆ ಕಾಣುತ್ತದೆ, ಮಗುವಿಗೆ ಗಾಳಿ ಆಡಬೇಕು, ಎಂಟು ಸಾಕು ಎಂದೆ. ‘ಹಂಗಾರೆ ನಿಮ್ಮ ಇಷ್ಟರೀ’ ಎಂದು ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ. ಬಂದವರೆಲ್ಲ ಚಂದವಿದೆ ಎಂದರು, ನಾನೂ ಬೀಗಿದೆ.

ಮಗಳಿಗೆ ಎಂಟು ತಿಂಗಳಾದಾಗ ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದೆ. ಒಳಗಿನಿಂದ ಅಳುವೂ ಅಲ್ಲದ ಕೂಗೂ ಅಲ್ಲದ ಒಂದು ಸದ್ದು ಬಂತು. ಓಡಿ ಬಂದು ನೋಡಿದರೆ ಮಗಳ ಕಾಲು, ಹೊಟ್ಟೆ, ಎದೆ ಎಲ್ಲ ಕಂಬಿಗಳ ಸಂದಿಯಿಂದ ಹೊರಗೆ ಜಾರಿ ನೇತಾಡುತ್ತಿವೆ. ತಲೆ ಮಾತ್ರ ಒಳಗೆ ಸಿಕ್ಕಿಕೊಂಡಿದೆ. ಮೈಯನ್ನು ಎತ್ತಿ ಹಿಡಿದು, ಓರೆ ಮಾಡಿ, ಬಂದ ದಾರಿಯಲ್ಲೇ ಒಳಗೆ ತಳ್ಳಿದೆ. ನಾನು ಒಂದೆರಡು ಬಟ್ಟೆ ಜಾಸ್ತಿ ಹರವಿದ್ದರೆ ಎಂಬ ಯೋಚನೆ ಈಗಲೂ ಬಿಟ್ಟಿಲ್ಲ.

ಯಾರಿಗೂ ಹೇಳಲಿಲ್ಲ, ಗಂಡನಿಗೂ. ಮಗು ನೋಡಿಕೊಳ್ಳಲು ಬಾರದವಳು ಎನಿಸಿಕೊಳ್ಳುವ ಹೆದರಿಕೆ. ಹಳೆಯ ಸೀರೆಯೊಂದನ್ನು ಕಂಬಿಗಳ ಸುತ್ತ ಬಿಗಿದು ಕಟ್ಟಿದೆ. ಮಗಳು ನಡೆಯುವವರೆಗೂ ಅದು ಹಾಗೇ ಇತ್ತು.

ನಮ್ಮ ಕಡೆ ತೊಟ್ಟಿಲನ್ನು ಮಾರುವುದಿಲ್ಲ, ಒಡೆಯುವುದಿಲ್ಲ, ಖಾಲಿ ಇಡುವುದಿಲ್ಲ. ಅದರೊಳಗೆ ಒಂದು ಕಾಯಿ, ಒಂದು ಸೇರು ಅಕ್ಕಿ ಇಟ್ಟು ಮುಂದಿನ ಬಸುರಿಯ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಮುಂದಿನ ಮನೆಗೆ. ವಾಪಸ್ ಯಾರೂ ಕೇಳುವುದಿಲ್ಲ. ನನ್ನ ನಂತರ ಸಿದ್ದಾಪುರದ ನಾದಿನಿಯ ಸರದಿ. ಬಸುರಿಯ ಎದುರು ನಿಂತು, ಇದರಲ್ಲಿ ನನ್ನ ಮಗು ಸಾಯುವುದರಲ್ಲಿತ್ತು ಎನ್ನಲು ನಾಲಿಗೆ ಬರುತ್ತದೆಯೇ? ಸುಮ್ಮನಿದ್ದೆ. ಹಳೆ ಸೀರೆ ಸುತ್ತಿ ಕಳಿಸಿದರೆ ಏನಂದುಕೊಂಡಾರು ಎಂದು ಅದನ್ನೂ ಬಿಚ್ಚಿ, ಕಂಬಿಗಳಿಗೆ ಎಣ್ಣೆ ಒರೆಸಿ ಕೊಟ್ಟೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಗೇಡಿನ ಕೆಲಸ ಇನ್ನೊಂದು ಮಾಡಿಲ್ಲ.

ಏಳು ವರ್ಷ ಕಳೆದ ಮೇಲೆ, ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ ಹಳೆಯ ಪೇಪರ್ ಓದುತ್ತಿದ್ದೆ. ಹೊರದೇಶದಲ್ಲಿ ಸಂದಿ ಅಗಲವಾದ ತೊಟ್ಟಿಲುಗಳನ್ನು ಮಾರಿದ ಕಂಪನಿಯೇ ಪ್ರಕಟಣೆ ಕೊಟ್ಟು ವಾಪಸ್ ಕರೆಸಿಕೊಳ್ಳುತ್ತದಂತೆ. ನನ್ನ ತೊಟ್ಟಿಲಿನ ಕಂಪನಿ ನಾನೊಬ್ಬಳೇ. ಹಲ್ಲು ತೋರಿಸದೆ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಸಿದ್ದಾಪುರದ ಬಸ್ಸು ಹತ್ತಿದೆ. ನಾದಿನಿ ನಕ್ಕಳು. ‘ಅದು ಯಾವಾಗ್ಲೋ ಹೆಗ್ಗರಣೆಗೆ ಹೋತು. ಈಗ ನಿಂಗೆ ಎಂತಕ್ಕೆ?’ ಹೆಗ್ಗರಣೆಗೆ ಇನ್ನೊಂದು ಬಸ್ಸು, ಆಮೇಲೆ ಬಿಸಿಲಲ್ಲಿ ನಡಿಗೆ. ಆ ಮನೆಯಾಕೆ ಮಜ್ಜಿಗೆ ಕೊಟ್ಟು, ತಾನು ಕಂಬಿಗಳಿಗೆ ಹಗ್ಗ ಹೆಣೆದಿದ್ದೆ ಎಂದಳು. ಹಗ್ಗ ಈಗಲೂ ಇದೆಯೇ ಎಂದೆ. ‘ಇಲ್ಲೆ. ಮನ್ಮನೆಗೆ ಕೊಡಕಾರೆ ಬಿಚ್ಚಿದೆ. ಚೊಲೋ ಕಾಣ್ತಿತ್ತಿಲ್ಲೆ.’ ಯಾಕೆ ಹೆಣೆದಿದ್ದೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರೂ ಲೋಟ ನೋಡುತ್ತ ಕೂತೆವು. ಅವಳ ಗಂಡ ಬೈಕಿನಲ್ಲಿ ನನ್ನನ್ನು ಮನ್ಮನೆ ಎಂಬ ಆ ಊರಿಗೆ ಬಿಟ್ಟ. ಅಷ್ಟರಲ್ಲಿ ನನ್ನ ಸೊಂಟ ಬಿದ್ದು ಹೋಗಿತ್ತು. ಆ ಮನೆಯಲ್ಲಿ ಮಗು ಚೆನ್ನಾಗಿರಲಿ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಗು ಚೆನ್ನಾಗಿತ್ತು. ಇಪ್ಪತ್ತರ ಆಸುಪಾಸಿನ ತಾಯಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ನನಗೆ ಅಲ್ಲೇ ಕಟ್ಟೆಯ ಮೇಲೆ ಕೂತು ಅಳಬೇಕೆನಿಸಿತು. ಒಳಗೆ ಸರಪಳಿಯಲ್ಲಿ ನನ್ನ ತೊಟ್ಟಿಲು ತೂಗುತ್ತಿತ್ತು. ಮುಷ್ಟಿ ಕಟ್ಟಿ ಸಂದಿಯೊಳಗೆ ತೂರಿಸಿದೆ, ಸಲೀಸಾಗಿ ಆಚೆ ಹೋಯಿತು. ವಾಪಸ್ ಬೇಕು ಎಂದೆ.

‘ಮಗು ಮಲಗೋ ತೊಟ್ಲು ಬಿಚ್ಚಲಾಗ’ ಎಂದು ಅವಳ ಅತ್ತೆ ಅಡ್ಡ ನಿಂತರು. ‘ಕೊಟ್ಟದ್ದನ್ನ ಯಾರಾರೂ ಕೇಳ್ತ್ವ?’

ಆಗ ಎಲ್ಲವನ್ನೂ ಹೇಳಿದೆ. ಏಳು ವರ್ಷದಲ್ಲಿ ಮೊದಲ ಸಲ, ಅದೂ ಗುರುತಿಲ್ಲದವರ ಮನೆಯಲ್ಲಿ. ಬಟ್ಟೆ ಹರವುತ್ತಿದ್ದದ್ದು, ಆ ಸದ್ದು, ನೇತಾಡುತ್ತಿದ್ದ ಕಾಲು.

ಸೊಸೆ ಕೇಳುತ್ತ ಕೇಳುತ್ತ ಬಿಳಿಚಿಕೊಂಡಳು. ಮಗುವಿನ ಅಂಗಿಯ ಕೊರಳು ಸರಿಸಿದಳು. ಕಿವಿಯ ಕೆಳಗೆ ಕೆಂಪಗೆ ಒಂದು ಗೀರು. ‘ಮೊನ್ನೆ ಇದೇ ನಮೂನಿ ಆತು’ ಎಂದು ಅತ್ತೆಯ ಕಡೆ ನೋಡದೆ ಹೇಳಿದಳು. ‘ಆನು ಯಾರ ಹತ್ರನೂ ಹೇಳಿದ್ನಿಲ್ಲೆ. ನಂದೇ ತಪ್ಪು ಹೇಳಿ ತಿಳ್ಕಂಡಿದ್ದೆ.’

ಅತ್ತೆ ಸ್ಟೂಲು ಎಳೆದುಕೊಂಡು ತಾವೇ ಹತ್ತಿ ಸರಪಳಿಯ ಕೊಕ್ಕೆ ಬಿಡಿಸತೊಡಗಿದರು. ನಾನು ಕೆಳಗಿನಿಂದ ತೊಟ್ಟಿಲನ್ನು ಹಿಡಿದುಕೊಂಡೆ.

‘ನಿಂದು ತಪ್ಪಲ್ಲ ತಂಗಿ, ನನ್ನದು’ ಎಂದೆ.

ಅವಳು ನನ್ನ ಕಡೆ ತಿರುಗಿದಳು. ‘ಅಂದ್ರೆ ಇಷ್ಟು ವರ್ಷ ಗೊತ್ತಿತ್ತ ಅಕ್ಕಾ?’

‘ಗೊತ್ತಿತ್ತು.’

ಅವಳು ಮಗುವನ್ನು ಆಚೆ ಹೆಗಲಿಗೆ ಬದಲಾಯಿಸಿಕೊಂಡು, ನನಗೆ ಬೆನ್ನು ಹಾಕಿ ಒಳಗೆ ಹೋದಳು.