ದರ್ಗಾದ ಹಣ್ಣು

ಹಣ್ಣು ಬಂತು! ನಮ್ಮ ಅಂಗಳದ ಕಳ್ಳಿ ಕೊನೆಗೂ ಹಣ್ಣು ಕೊಟ್ಟಿತು. ಒಂದೇ ಒಂದು. ನನ್ನ ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡದು, ಕುಂಕುಮದಂತೆ ಕೆಂಪು. ಇವತ್ತು ಮುಂಜಾನೆ ಸೊಸೆ ಅದನ್ನು ಕೊಯ್ದು ನನ್ನ ಉಡಿಗೆ ಹಾಕಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಇದನ್ನು ಬರೆಯದೆ ಇರಲಾರೆ.

ನಾಲ್ಕು ವರ್ಷದ ಹಿಂದೆ ಸೊಸೆಯ ಅವ್ವ ತೀರಿಕೊಂಡರು. ದಿನಕರ್ಮ ಮುಗಿಸಿ ಹುಣಸಗಿಯ ತವರಿನಿಂದ ಸುರಪುರದ ನಮ್ಮ ಮನೆಗೆ ಬರುವಾಗ ಸೊಸೆ ಮೂರು ಅಂಚಿನ ಒಂದು ಹಸಿರು ಕಡ್ಡಿ ತಂದಿದ್ದಳು. ಅವ್ವ ಕೈಯಾರೆ ಬೆಳೆಸಿದ ಬಳ್ಳಿಯದು. "ಡ್ರಾಗನ್ ಹಣ್ಣಿಂದು ರೀ ಅತ್ತಿ" ಎಂದು ನನ್ನ ಕೈಗಿಟ್ಟು ಒಳಗೆ ಹೋಗಿ ಮಲಗಿಬಿಟ್ಟಳು. ನನ್ನ ಕಿವಿಗೆ ಬಿದ್ದದ್ದು 'ದರ್ಗಾದ ಹಣ್ಣಿಂದು'. ದರ್ಗಾದಿಂದ ಬಂದದ್ದೆಂದರೆ ಮನೆ ಕಾಯುವಂಥದ್ದು ಎಂದುಕೊಂಡು, ಲೋಳೆಸರ ಕಟ್ಟುವ ಹಾಗೆ, ಲಿಂಬೆಹಣ್ಣಿನ ಜೊತೆ ತಲಬಾಗಿಲಿಗೆ ತಲೆಕೆಳಗಾಗಿ ಕಟ್ಟಿದೆ. ಸೊಸೆ ನೋಡಿ ಒಳಗೆ ಹೋದಳು. ಆಗ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ಒಂದೂವರೆ ತಿಂಗಳಿಗೆ ಮೊಮ್ಮಗಳು ಕೂಗಿದಳು: "ಆಯಿ, ನಿನ್ನ ದರ್ಗಾದ ಕಳ್ಳಿ ಮ್ಯಾಲ ಮಾರಿ ಮಾಡ್ಯಾದ ನೋಡು!" ಗಾಳಿಯಲ್ಲೇ ಚಿಗುರೊಡೆದು ಮೇಲಕ್ಕೆ ತಿರುಗಿತ್ತು. "ದರ್ಗಾ ಅಲ್ರಿ ಅತ್ತಿ, ಡ್ರಾಗನ್!" ಎಂದು ಸೊಸೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವ್ವ ಹೋದ ಮೇಲೆ ಅದೇ ಮೊದಲ ನಗು. ಅವತ್ತೇ ಅಂಗಳದ ಕಲ್ಲುಕಂಬದ ಬುಡಕ್ಕೆ ಹಚ್ಚಿದೆವು.

ಬಳ್ಳಿ ಕಂಬ ಹತ್ತಿತು. ಎರಡು ವರ್ಷ ಹೂವೂ ಬಿಟ್ಟಿತು, ಹೂವೆಲ್ಲ ಉದುರಿದವು. "ಈ ಮಳಿಗಾಲಾನೂ ಹಣ್ಣಾಗಲಿಲ್ಲಂದ್ರ ಕಿತ್ತು ಒಗಿತೀನಿ. ಎಮ್ಮಿ ಕಟ್ಟಾಕ ಜಾಗಿಲ್ಲ" ಎಂದರು ನಮ್ಮ ಯಜಮಾನರು. ಸೊಸೆಯ ಮುಖ ಸಣ್ಣದಾಯಿತು. ಅವ್ವನದೆಂದು ಅವಳಿಗೆ ಉಳಿದದ್ದು ಅದೊಂದೇ.

ರಾತ್ರಿ ಅರಳಿದ ಹೂವು ಬಿಸಿಲೇರಿದರೆ ಮುಚ್ಚಿಬಿಡುತ್ತದೆ. ಈ ಸಲ ನಸುಕಿನಲ್ಲೇ ಸೊಸೆ ನನ್ನನ್ನು ಎಬ್ಬಿಸಿ ಕೈಗೆ ಕೋಳಿಪುಕ್ಕ ಕೊಟ್ಟಳು. "ಒಂದು ಹೂವಿನ ಹುಡಿ ಇನ್ನೊಂದಕ್ಕ ಹಚ್ಚಬೇಕಂತ್ರಿ. ತಲಿಕೆಳಗ ಕಟ್ಟಿದವರು ನೀವ, ಹಚ್ಚೋರೂ ನೀವ ಆಗ್ರಿ." ಕೂಸಿನ ಕಣ್ಣಿಗೆ ಕಾಡಿಗೆ ತೀಡುವಂತೆ ತೀಡಿದೆ. ಒಂದು ಕಾಯಿ ನಿಂತಿತು.

ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ನಡುವೆ ತಾಟಿನಲ್ಲಿ ಹಣ್ಣು. "ಯವ್ವಾ, ದರ್ಗಾದ ಹಣ್ಣದು, ಮೊದಲ ದರ್ಗಾಕ್ಕ ಹೋಗಿ ಸಕ್ಕರಿ ಓದಸು" ಎಂದು ಮಗ ನನ್ನನ್ನು ಕಾಡಿಸಿದ. ಐದು ಹೋಳು ಮಾಡಿದೆವು. ಒಳಗೆ ಎಳ್ಳು ಉದುರಿಸಿದಂತೆ ಕರಿಬೀಜ. ಯಜಮಾನರು ತಮ್ಮ ಹೋಳು ತಿಂದು, ನಾಲಿಗೆ ಚಪ್ಪರಿಸಿ, ಸೊಸೆಯ ಕಡೆ ನೋಡಿದರು. "ನಿಮ್ಮವ್ವನ ಕೈ ಭಾಳ ಸಿಹಿ ಇತ್ತವ್ವ. ಎಮ್ಮಿ ಹಿತ್ತಲದಾಗ ಕಟ್ಟತೀನಿ."

ಸೊಸೆ ತಲೆ ತಗ್ಗಿಸಿ ತನ್ನ ಹೋಳಿನಲ್ಲಿ ಅರ್ಧ ಮುರಿದು ನನ್ನ ರೊಟ್ಟಿಯ ಮೇಲಿಟ್ಟಳು. ಎಲ್ಲರೂ ಉಣ್ಣತೊಡಗಿದೆವು.